ಮರಳು ಚಡ್ಡಿ ಪ್ರಕರಣ

ಷಾವಾ ಊರಿನ ಸರ್ಕಾರಿ ಕಾಳಿನ ಗೋದಾಮಿಗೆ ಮೂರು ಬೀಗಗಳಿದ್ದವು. ಮೊದಲನೆಯದು ಮುಖ್ಯ ಬೀಗ, ಎರಡನೆಯದು ಭದ್ರತೆಯ ಬೀಗ, ಮೂರನೆಯದು ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಆ ಮೂರನೆಯ ಬೀಗದ ಕೀಲಿಯನ್ನು ಮೂವತ್ತೊಂದು ವರ್ಷ ಸೊಂಟಕ್ಕೆ ಕಟ್ಟಿಕೊಂಡು ಓಡಾಡಿ ನಿವೃತ್ತನಾದವನು ಗೆಂಗ್ ಲಾಯ್‌ಫು. ಆ ಬೀಗ ತುಕ್ಕು ಹಿಡಿದು ಯಾವ ಕಾಲದಲ್ಲೋ ತಾನಾಗಿಯೇ ಕಳಚಿ ಬಿದ್ದಿತ್ತು ಎಂಬುದು ಅವನ ಬೀಳ್ಕೊಡುಗೆಯ ದಿನವೇ ಬೆಳಕಿಗೆ ಬಂತು. ಇಂಥವನ ಮಾತಿಗೆ ಊರಿನಲ್ಲಿ ಯಾರೂ ಕಿವಿಗೊಡುತ್ತಿರಲಿಲ್ಲ. ಆದರೆ ಅರವತ್ತೊಂದನೆಯ ವಯಸ್ಸಿನಲ್ಲಿ ಲಾಯ್‌ಫು ಏಕಾಏಕಿ ಪಂಡಿತನಾದ. ಅದಕ್ಕೆ ಕಾರಣ ಅವನ ಮೊಮ್ಮಗ ಗ್ವಾಗ್ವಾನ ಕುಂಡೆ.

ಗ್ವಾಗ್ವಾ ಎಂದರೆ ಕರಬೂಜ. ಹುಟ್ಟಿದಾಗ ಹಾಗೇ ಇದ್ದುದರಿಂದ ಆ ಮುದ್ದಿನ ಹೆಸರು. ಅವನ ಅಪ್ಪ ಅಮ್ಮ ಇಬ್ಬರೂ ಊರಿನ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದರು; ಮಗುವನ್ನು ನೋಡಿಕೊಳ್ಳುವ ಕೆಲಸ ಲಾಯ್‌ಫುವಿನದು. ಬೀಗಿತ್ತಿ, ಅಂದರೆ ಸೊಸೆ ಷುಯಾಳ ತಾಯಿ, ಜಿನಾನ್ ನಗರದಲ್ಲಿ ಶಿಶುವಿಹಾರದ ಟೀಚರಾಗಿದ್ದು ನಿವೃತ್ತರಾದವರು. ಅವರು ತಿಂಗಳಿಗೊಂದು ಪೆಟ್ಟಿಗೆ ಡೈಪರ್ ಕಳಿಸುತ್ತಿದ್ದರು. ಮೂರು ತಿಂಗಳ ಗ್ವಾಗ್ವಾನಿಗೆ ಅದು ಒಗ್ಗಲಿಲ್ಲ. ಮೈ ಕೆಂಪಾಗಿ, ಗುಳ್ಳೆ ಎದ್ದು, ಮಗು ಹಗಲೆಲ್ಲ ಚೀರತೊಡಗಿತು. ಡಾಕ್ಟರ ಮುಲಾಮು ಸೋತಿತು. ಆಗ ಲಾಯ್‌ಫು ಹಳೆಯ ಟ್ರಂಕಿನಿಂದ ತನ್ನ ಮಗ ಬೆಳೆದ ಮರಳು ಚಡ್ಡಿಯನ್ನು ಹೊರತೆಗೆದ. ಹೆಸರಿಗೆ ಚಡ್ಡಿ, ನಿಜವಾಗಿ ಅದು ಹೆಗಲಿಗೆ ಎರಡು ಪಟ್ಟಿ ಇರುವ ಒಂದು ದಪ್ಪ ಬಟ್ಟೆಯ ಚೀಲ. ಹೊಳೆಯಿಂದ ನುಣ್ಣನೆಯ ಹಳದಿ ಮರಳು ತಂದು, ಜರಡಿ ಹಿಡಿದು, ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಚೀಲಕ್ಕೆ ಸುರಿದು, ಮಗುವನ್ನು ಸೊಂಟದವರೆಗೆ ಅದರಲ್ಲಿ ಇಳಿಸಿದ. ಒದ್ದೆಯಾದ ಮರಳನ್ನು ಚೆಲ್ಲಿದ, ಹೊಸದನ್ನು ಹಾಕಿದ. ಮೂರೇ ದಿನಕ್ಕೆ ಕೆಂಪು ಮಾಯವಾಯಿತು.

ಅಲ್ಲಿಂದ ಲಾಯ್‌ಫುವಿನ ತೋರುಬೆರಳು ಕೆಳಗಿಳಿಯಲಿಲ್ಲ. "ಡೈಪರ್ ಅಂದ್ರೇನು? ತನ್ನ ಉಚ್ಚೆ ತಾನೇ ಹೊತ್ಕೊಂಡು ತಿರುಗೋದು. ಮರಳು ಅಂದ್ರೇನು? ಭೂಮಿತಾಯಿ! ನಾನು ಮರಳಲ್ಲಿ ಬೆಳೆದೆ, ನನ್ನ ಮಗ ಮರಳಲ್ಲಿ ಬೆಳೆದ. ನಮಗೇನಾಗಿದೆ?" ಎಂದು ಅವನು ಕೇಳುತ್ತಿದ್ದ. ಅವನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದವರು ಈ ಪ್ರಶ್ನೆಗೆ ಉತ್ತರ ಹೇಳದೆ ಮುಂದೆ ಹೋಗುತ್ತಿದ್ದರು.

ಸುದ್ದಿ ತಿಳಿದ ಬೀಗಿತ್ತಿ ಷೆನ್ ಟೀಚರ್ ಜಿನಾನ್‌ನಿಂದ ಓಡೋಡಿ ಬಂದರು. ಬಾಗಿಲಲ್ಲೇ ನಿಂತು ಕೆನ್ನೆಗೆ ಕೈ ಇಟ್ಟುಕೊಂಡರು.

"ಇದೇನ್ರೀ ಬೀಗರೇ, ಮಗೂನ ನೆಟ್ಟುಬಿಟ್ಟಿದ್ದೀರಲ್ಲ!"

"ಹೌದು ಅಕ್ಕೋರೇ. ನೀರೂ ಅವನೇ ಹಾಕ್ಕೋತಾನೆ."

"ನಮ್ಮ ಮನೆತನದಲ್ಲಿ ಮೂರು ತಲೆಮಾರಿಂದ ಯಾರೂ ಮರಳು ಮುಟ್ಟಿದೋರಲ್ಲ, ತಿಳ್ಕೊಳ್ಳಿ. ನಾವು ಅಪ್ಪಟ ಜಿನಾನ್‌ನೋರು!" ಎಂದು ಟೀಚರ್ ಮೂಗು ಮುರಿದರು. ಆದರೆ ಮೊಮ್ಮಗನ ಮೈ ಬೆಣ್ಣೆಯಂತಿತ್ತು. ಅವರು ಒಂದು ಲೋಟ ಬಿಸಿನೀರು ಕುಡಿದು ಹೊರಟುಹೋದರು.

ಲಾಯ್‌ಫು ಗೆದ್ದ. ಗೆದ್ದವನಿಗೆ ಮುಂದಿನದು ಕಾಣಿಸಲಿಲ್ಲ. ಗ್ವಾಗ್ವಾ ಬೆಳೆದ, ಚೀಲದಿಂದ ಹೊರಬಂದ, ಅಡಿಯಲ್ಲಿ ಸೀಳಿದ ಚಡ್ಡಿ ಹಾಕಿಕೊಂಡು ಮನೆಯೆಲ್ಲ ಓಡಾಡತೊಡಗಿದ. ಊರಿನ ಉಳಿದ ಮಕ್ಕಳನ್ನು ಎತ್ತಿ ಹಿಡಿದು "ಶ್ಯೂ—" ಎಂದರೆ ಸಾಕು, ಕೆಲಸ ಮುಗಿಯುತ್ತಿತ್ತು. ಗ್ವಾಗ್ವಾನಿಗೆ ಶ್ಯೂ ಎಂದರೆ ಅವನೂ ತಿರುಗಿ ಶ್ಯೂ ಎನ್ನುತ್ತಿದ್ದ. ಮರಳು ಕಂಡರೆ ಮಾತ್ರ ಅವನಿಗೆ ಬರುತ್ತಿತ್ತು. ಮರಳಿಗೆ ಹುಡುಗ ಅಷ್ಟು ಮರುಳಾಗಿದ್ದ. ಎರಡು ವರ್ಷ ದಾಟುವ ಹೊತ್ತಿಗೆ ಅವನು ಗಿರಣಿಯ ಕಚೇರಿಯಲ್ಲಿ ಬೆಂಕಿ ಆರಿಸಲು ಇಟ್ಟ ಮರಳಿನ ಬಕೆಟ್ಟನ್ನು ಪತ್ತೆ ಹಚ್ಚಿದ್ದ. ಎದುರುಮನೆಯ ಹೌ ಅತ್ತಿಗೆ ಚಳಿಗಾಲಕ್ಕೆಂದು ಶುಂಠಿಯನ್ನು ಮರಳಲ್ಲಿ ಹೂತಿಟ್ಟಿದ್ದ ಮಡಕೆ ಮೆಟ್ಟಿಲ ಬುಡದಲ್ಲೇ ಇತ್ತು. ಆ ಶುಂಠಿಯನ್ನು ಅವರು ವಠಾರಕ್ಕೆಲ್ಲ ಹಂಚಿದ್ದರು, ಈ ಸಲ ಖಾರ ಚೆನ್ನಾಗಿದೆ ಎಂದು ಜನ ಹೊಗಳಿಯೂ ಇದ್ದರು. ನಿಜ ಗೊತ್ತಾದ ದಿನ ಹೌ ಅತ್ತಿಗೆ ಲಾಯ್‌ಫುವನ್ನು ಮೂರು ಮಹಡಿಗೂ ಕೇಳುವಂತೆ ಬೈದರು.

ಕೊನೆಗೆ ಜಿನಾನ್‌ನಿಂದ ಫೋನ್ ಬಂತು. "ನೋಡಿ ಬೀಗರೇ, ಸೆಪ್ಟೆಂಬರಿಗೆ ಶಿಶುವಿಹಾರಕ್ಕೆ ಸೇರಿಸ್ಬೇಕು. ಪಾಟಿ ಮೇಲೆ ಕೂತು ಉಚ್ಚೆ ಮಾಡದ ಮಗೂನ ಯಾರೂ ಸೇರಿಸ್ಕೊಳ್ಳಲ್ಲ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬರ್ತೀನಿ. ಒಂದು ಕಾಳು ಮರಳಿಲ್ದೆ ಕೂತ್ರೆ ಸರಿ. ಇಲ್ದಿದ್ರೆ ಅವನನ್ನ ನನ್ನ ಜೊತೆ ಕರ್ಕೊಂಡು ಹೋಗ್ತೀನಿ. ಒಂದು ವರ್ಷ ನನ್ನ ಹತ್ರ ಇರ್ಲಿ."

ಮಗ, ಸೊಸೆ ಇಬ್ಬರೂ ನೆಲ ನೋಡಿದರು, ಅಂದರೆ ಒಪ್ಪಿದರು. ಹೆಂಡತಿ ತೀರಿಕೊಂಡ ಮೇಲೆ ಇಡೀ ದಿನ ಲಾಯ್‌ಫುವಿನ ಮಾತನ್ನು ಅಡ್ಡಬಾಯಿ ಹಾಕದೆ ಕೇಳುವ ಜೀವ ಅದೊಂದೇ. ಗೋದಾಮಿನ ಮೂರನೆಯ ಕೀಲಿಯ ಕಥೆಯನ್ನು ನೂರು ಸಲ ಹೇಳಿದರೂ ನೂರೊಂದನೆಯ ಸಲ ಬಾಯಿ ಬಿಟ್ಟುಕೊಂಡು ಕೇಳುವವನು ಗ್ವಾಗ್ವಾ ಮಾತ್ರ. ಒಂದು ವರ್ಷ ಅವನಿಲ್ಲದೆ ಹೇಗೆ ಎಂದು ನೆನೆದು ಲಾಯ್‌ಫುವಿಗೆ ಅಳುವೇ ಬಂತು. ಮೂಗು ಒರೆಸಿಕೊಂಡು ಅವನು ಒಂದು ಯೋಜನೆ ಹಾಕಿದ.

ಷೆನ್ ಟೀಚರ್ ಹಿಂದೆಯೇ ಒಂದು ಪಾಟಿ, ಅಂದರೆ ಮಕ್ಕಳು ಉಚ್ಚೆಗೆ ಕೂರುವ ಪ್ಲಾಸ್ಟಿಕ್ ಕುಂಡ, ಕಳಿಸಿದ್ದರು. ಹಳದಿ ಬಾತುಕೋಳಿಯ ಆಕಾರ. ಒಳಗೆ ಒದ್ದೆಯಾದರೆ ಹಾಡುತ್ತದಂತೆ. ಲಾಯ್‌ಫು ಅದರೊಳಗೆ ಗುರುವಾರ ಹತ್ತು ಹಿಡಿ ಮರಳು ಹಾಕಿದ. ಗ್ವಾಗ್ವಾ ಸಂತೋಷವಾಗಿ ಕೂತ. ಶುಕ್ರವಾರ ಒಂಬತ್ತು ಹಿಡಿ, ಶನಿವಾರ ಎಂಟು. ಹೀಗೆ ದಿನಕ್ಕೊಂದು ಹಿಡಿ ಇಳಿಸುತ್ತ ಹೋದರೆ ಮರುವಾರದ ಭಾನುವಾರಕ್ಕೆ ಸರಿಯಾಗಿ ಸೊನ್ನೆ! ಹಿಡಿಗಟ್ಟಲೆ ಮರಳಿನಡಿಯಲ್ಲಿ ಬಾತುಕೋಳಿ ಒಮ್ಮೆಯೂ ಹಾಡಲಿಲ್ಲ, ಅದು ಬೇರೆ ವಿಚಾರ. ಮಂಗಳವಾರ ಐದಕ್ಕಿಳಿದಿದ್ದ. ಬುಧವಾರ ಬೆಳಿಗ್ಗೆ ನೋಡಿದರೆ ಮರಳಿನ ಗೋಣಿಚೀಲವೇ ಇಲ್ಲ.

"ಅಮ್ಮ ಬರ್ತಾರಲ್ಲ ಮಾವ, ಮನೆ ಚೊಕ್ಕಟ ಮಾಡ್ದೆ. ಎಲ್ಲಾ ಕಸದ ಗಾಡಿಗೆ ಹಾಕಿದೆ," ಎಂದು ಷುಯಾ ಗಿರಣಿಗೆ ಹೊರಟಳು.

ಲಾಯ್‌ಫು ಕಟ್ಟಡ ಕಟ್ಟುವ ದಪ್ಪ ಮರಳು ತಂದು ಹಾಕಿದ. ಗ್ವಾಗ್ವಾ ಅದರ ಮೇಲೆ ಕೂತು, "ಚುಚ್ತು," ಎಂದು ಎದ್ದ. ಬೇರೆ ದಾರಿಯಿರಲಿಲ್ಲ. ಮಗುವನ್ನು ಹೌ ಅತ್ತಿಗೆಯ ಕೈಗೆ ಕೊಟ್ಟು, ಬಟ್ಟೆಯ ಚೀಲ ಹಿಡಿದು, ಲಾಯ್‌ಫು ಹೊಳೆಯ ದಂಡೆಗೆ ನಡೆದ.

ಹಳದಿ ನದಿಯ ದಂಡೆ ಎರಡು ವರ್ಷ ಹಿಂದೆ ಇದ್ದಂತೆ ಇರಲಿಲ್ಲ. ಮರಳು ಕಳ್ಳರ ಕಾಟ ಹೆಚ್ಚಾಗಿ, ಕಾವಲು ಠಾಣೆಯೊಂದು ಎದ್ದಿತ್ತು. ಕಟ್ಟೆಯ ಉದ್ದಕ್ಕೂ 'ಹೊಳೆಯ ಒಂದು ಕಾಳು ಮರಳನ್ನೂ ಮುಟ್ಟಬೇಡಿ' ಎಂದು ಆಳೆತ್ತರದ ಕೆಂಪು ಅಕ್ಷರಗಳು. ಲಾಯ್‌ಫು ಆ ಅಕ್ಷರಗಳ ನೆರಳಿನಲ್ಲೇ ಕೂತು, ಬಿಸಿಲು ತಾಗದೆ ಹಾಯಾಗಿ ಮರಳು ತುಂಬಿಕೊಂಡ. ಎದ್ದು ನಿಂತಾಗ ಎದುರಿಗೆ ಸಮವಸ್ತ್ರ ಕಂಡಿತು.

ಅದರೊಳಗಿದ್ದವನು ಫಾಂಗ್ ಎಂಬ ಹೊಸ ಅಧಿಕಾರಿ. ಕೆಲಸಕ್ಕೆ ಸೇರಿ ಮೂರು ತಿಂಗಳಾದರೂ ಒಬ್ಬ ಕಳ್ಳನೂ ಸಿಕ್ಕದೆ ಕೊರಗಿ ಅರ್ಧವಾಗಿದ್ದ. ಲಾಯ್‌ಫುವನ್ನು ಠಾಣೆಗೆ ಕರೆತಂದು, ಹೊಸ ನೋಟುಪುಸ್ತಕದ ಮೊದಲ ಪುಟ ತೆರೆದ.

"ಚೀಲದಲ್ಲೇನು?"

"ಮರಳು."

ಇಷ್ಟು ಸಲೀಸಾಗಿ ಒಪ್ಪಿಕೊಂಡಿದ್ದು ನೋಡಿ ಫಾಂಗ್‌ಗೆ ಅನುಮಾನ ಹೆಚ್ಚಾಯಿತು. "ಎಷ್ಟು?"

"ಹತ್ತು. ಇವತ್ತು ನಾಲ್ಕು, ನಾಳೆ ಮೂರು, ನಾಡಿದ್ದು ಎರಡು, ಶನಿವಾರ ಒಂದು. ಲೆಕ್ಕ ಪಕ್ಕಾ ಸಾರ್, ಗೋದಾಮಲ್ಲಿದ್ದೋನು ನಾನು."

ಫಾಂಗ್ 'ಹತ್ತು ಲೋಡು' ಎಂದು ಬರೆದುಕೊಂಡ. "ಯಾರಿಗೆ ಈ ಮಾಲು?"

"ನಮ್ಮ ಗ್ವಾಗ್ವಾನಿಗೆ."

ಗ್ವಾಗ್ವಾ ಯಾರೆಂದು ತಿಳಿಯದ ಮನುಷ್ಯ ಷಾವಾದಲ್ಲಿ ಇರಬಹುದು ಎಂಬ ಯೋಚನೆಯೇ ಲಾಯ್‌ಫುವಿಗೆ ಬರಲಿಲ್ಲ. ಇತ್ತ ಫಾಂಗ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ಕರಬೂಜ! ಇಂಥ ಅಡ್ಡಹೆಸರು ಇಟ್ಟುಕೊಂಡವನು ಸಾಮಾನ್ಯ ಆಸಾಮಿಯಾಗಿರಲಾರ.

"ಈ ಗ್ವಾಗ್ವಾ ಮರಳನ್ನ ಏನ್ಮಾಡ್ತಾನೆ?"

"ಒದ್ದೆ ಮಾಡ್ತಾನೆ."

"ಸಿಮೆಂಟಿಗಾ?"

"ಸಿಮೆಂಟಿನ ಮೇಲೂ ಒಂದೆರಡು ಸಲ ಪ್ರಯತ್ನ ಮಾಡ್ಸಿದೆ ಸಾರ್. ಒಗ್ಗಲಿಲ್ಲ."

"ಎಲ್ಲೆಲ್ಲಿ ನಡೆಸಿದಾನೆ ಈ ಕೆಲಸ?"

"ಗಿರಣಿ ಕಚೇರೀಲಿ ಮಾಡಿದಾನೆ. ಹೌ ಅತ್ತಿಗೆ ಮೆಟ್ಟಿಲ ಹತ್ರ ಸುಮಾರು ದಿನ ಮಾಡಿದಾನೆ, ಪಾಪ ಯಾರಿಗೂ ಗೊತ್ತೇ ಆಗಲಿಲ್ಲ. ಹೊಸ ಆಸ್ಪತ್ರೆ ಕಟ್ಟೋ ಜಾಗದಲ್ಲೂ ಒಂದ್ಸಲ ಆಯ್ತು."

"ಸರ್ಕಾರಿ ಆಸ್ಪತ್ರೇಲಿ!" ಫಾಂಗ್ ಅದರ ಕೆಳಗೆ ಎರಡು ಗೆರೆ ಎಳೆದ. "ಹಗಲು ಹೊತ್ತಲ್ಲೇ?"

"ಹೊತ್ತು ಗೊತ್ತು ಅವನಿಗೆಲ್ಲಿದೆ ಸಾರ್."

"ಯಾರೂ ತಡೀಲಿಲ್ವಾ?"

"ಒಂದ್ಸಲ ಶುರು ಮಾಡಿದ್ಮೇಲೆ ತಡೆಯೋಕಾಗುತ್ತಾ? ನೀವೇ ಹೇಳಿ."

ಫಾಂಗ್ ಎದ್ದು ಬಾಗಿಲು ಹಾಕಿ ಬಂದ. ದನಿ ತಗ್ಗಿಸಿದ. "ಅವನ ಹಿಂದೆ ಯಾರಿದ್ದಾರೆ?"

ಲಾಯ್‌ಫುವಿನ ಕಣ್ಣಲ್ಲಿ ನೀರು ತುಂಬಿತು. "ಜಿನಾನ್‌ನಲ್ಲಿ ಒಬ್ರು ದೊಡ್ಡ ಹೆಂಗಸಿದ್ದಾರೆ ಸಾರ್. ಎಲ್ಲಾ ಅವರ ಮಾತೇ ನಡೆಯೋದು. ಭಾನುವಾರ ಬರ್ತಾರೆ. ಕೆಲಸ ಸರಿಯಾಗಿಲ್ಲ ಅಂದ್ರೆ ಗ್ವಾಗ್ವಾನನ್ನ ಎತ್ತಾಕ್ಕೊಂಡು ಹೋಗ್ತಾರೆ. ಆಮೇಲೆ ಒಂದು ವರ್ಷ ಅವನು ಯಾರ ಕಣ್ಣಿಗೂ ಬೀಳಲ್ಲ."

ಫಾಂಗ್‌ಗೆ ಇಷ್ಟು ಸಾಕಾಯಿತು. ಠಾಣೆಯ ಮುಖ್ಯಾಧಿಕಾರಿ ಡಿಂಗ್ ಅವರು ಮಧ್ಯಾಹ್ನದ ಊಟ ಮುಗಿಸಿ ಒಳಗಿನ ಕೋಣೆಯಲ್ಲಿ ಮಲಗಿದ್ದರು, ಆ ನಿದ್ದೆಯನ್ನು ನೆರೆ ಬಂದರೂ ಮುರಿಯುವಂತಿರಲಿಲ್ಲ. ಫಾಂಗ್ ತಾನೇ ಜಿಲ್ಲಾ ಕಚೇರಿಗೆ ಫೋನ್ ಮಾಡಿ, "ದೊಡ್ಡ ಜಾಲ ಸಿಕ್ಕಿದೆ. ಕರಬೂಜ ಇವತ್ತು ನಮ್ಮ ಕೈಲಿ," ಎಂದು ತಿಳಿಸಿಬಿಟ್ಟ. ಇಬ್ಬರು ಪೇದೆಗಳೊಂದಿಗೆ ಜೀಪು ಹತ್ತಿ ಲಾಯ್‌ಫುವಿನ ವಠಾರಕ್ಕೆ ಧಾವಿಸಿದ.

ಹೌ ಅತ್ತಿಗೆ ಬಾಗಿಲು ತೆರೆದರು. ಫಾಂಗ್ ಗೋಡೆಗೆ ಬೆನ್ನು ಒತ್ತಿಕೊಂಡು ಪಿಸುಗುಟ್ಟಿದ. "ಗ್ವಾಗ್ವಾ ಒಳಗಿದ್ದಾನಾ?"

"ಇದ್ದಾನೆ. ಈಗ ತಾನೆ ಎದ್ದ."

"ಕೈಯಲ್ಲಿ ಏನಾದ್ರೂ ಇದೆಯಾ?"

"ಚಮಚ ಇದೆ."

"ಒಬ್ಬನೇ ಇದ್ದಾನಾ?"

"ಬಾತುಕೋಳಿ ಇದೆ ಜೊತೇಲಿ. ಅಲ್ಲಪ್ಪಾ, ನೀನ್ಯಾಕೆ ಗೋಡೆಗೆ ಅಂಟ್ಕೊಂಡಿದ್ದೀಯ? ಸುಣ್ಣ ಮೆತ್ತುತ್ತೆ, ಈಚೆ ಬಾ," ಎಂದು ಹೌ ಅತ್ತಿಗೆ ಒಳಗೆ ಹೋಗಿ ಗ್ವಾಗ್ವಾನನ್ನು ಸೊಂಟಕ್ಕೇರಿಸಿಕೊಂಡು ಬಂದರು. ಗ್ವಾಗ್ವಾ ಅಧಿಕಾರಿಯ ಟೋಪಿಗೆ ಚಮಚದಿಂದ ಎರಡು ಬಾರಿಸಿದ.

ಅಷ್ಟರಲ್ಲಿ ಲಾಯ್‌ಫು ಸೆರೆಯಾದನೆಂಬ ಸುದ್ದಿ ಗಿರಣಿಗೆ ಹೋಗಿ, ಪಾಳಿ ಬಿಟ್ಟು ಬರಲಾಗದ ಷುಯಾಳಿಂದ ಜಿನಾನ್‌ಗೆ ಹೋಗಿತ್ತು. ಎರಡು ಗಂಟೆಯಲ್ಲಿ ಷೆನ್ ಟೀಚರ್ ಬಾಡಿಗೆ ಕಾರಿನಲ್ಲಿ ಬಂದು ಠಾಣೆಯೆದುರು ಇಳಿದರು. ಹೌ ಅತ್ತಿಗೆ, ಗ್ವಾಗ್ವಾ, ಬಾತುಕೋಳಿ, ವಠಾರದ ಹನ್ನೆರಡು ಜನ ಆಗಲೇ ಒಳಗಿದ್ದರು. ನಿದ್ದೆಯಿಂದ ಎದ್ದ ಡಿಂಗ್ ಸಾಹೇಬರು ಎಲ್ಲರನ್ನೂ ನೋಡಿ, ತಾನಿನ್ನೂ ಎದ್ದಿಲ್ಲವೇನೋ ಎಂದುಕೊಂಡು ಮುಖ ತೊಳೆದು ಬಂದರು.

"ಫಾಂಗ್, ಜಾಲದ ದೊಡ್ಡ ಮನುಷ್ಯ ಇವನೇನಾ?" ಎಂದು ಗ್ವಾಗ್ವಾನನ್ನು ತೋರಿಸಿದರು.

ಫಾಂಗ್ ಬೂಟು ನೋಡಿಕೊಂಡ.

"ಜಿಲ್ಲೆಯಿಂದ ಮೂರು ಸಲ ಫೋನ್ ಬಂತು. ಈಗ ನಾನು ಏನಂತ ಬರೀಲಿ? ಹೊಳೆ ಮರಳು ಮುಟ್ಟಿದ್ದು ತಪ್ಪು. ಇದು ಮಗುವಿನ ಪಾಟಿಗೆ ಅಂತ ಕಣ್ಣಾರೆ ಕಂಡ್ರೆ ಎಚ್ಚರಿಕೆ ಕೊಟ್ಟು ಬಿಡ್ತೀನಿ. ಕಾಣದಿದ್ರೆ ಮುದುಕಪ್ಪನ ಹೆಸರು ಕಡತಕ್ಕೆ ಹೋಗುತ್ತೆ."

"ಕಡತಕ್ಕೆ ಹೋದವರ ಮನೇಲಿ ನನ್ನ ಮೊಮ್ಮಗ ಒಂದು ದಿನಾನೂ ಇರಲ್ಲ," ಎಂದರು ಷೆನ್ ಟೀಚರ್. ಲಾಯ್‌ಫು ಲೆಕ್ಕದ ಪ್ರಕಾರ ನಾಲ್ಕು ಹಿಡಿ ಮರಳು ಬಾತುಕೋಳಿಗೆ ಹಾಕಿ ಮೊಮ್ಮಗನನ್ನು ಕೂರಿಸಿದ.

ಗ್ವಾಗ್ವಾ ತಕ್ಷಣ ಎದ್ದು ನಿಂತ. "ಇಲ್ಲ," ಎಂದ.

"ಮಗಾ, ನಿನ್ನ ಕಾಲಿಗೆ ಬೀಳ್ತೀನಿ ಕಣೋ, ಒಂದು ಹನಿ!"

"ಇಲ್ಲ."

"ಶ್ಯೂ ಅನ್ನಿ," ಎಂದು ಹೌ ಅತ್ತಿಗೆ ಸಲಹೆ ಕೊಟ್ಟರು. ಲಾಯ್‌ಫು ಶ್ಯೂ ಎಂದ. ಹೌ ಅತ್ತಿಗೆ ಸೇರಿಕೊಂಡರು. ವಠಾರದ ಹನ್ನೆರಡು ಜನ ಸೇರಿದರು. ಕೊನೆಗೆ ಇಬ್ಬರು ಪೇದೆಗಳೂ ಸೇರಿ, ಕಾವಲು ಠಾಣೆಯ ತುಂಬ "ಶ್ಯೂ—" ಎಂಬ ಒಂದೇ ನಾದ ತುಂಬಿತು. ಗ್ವಾಗ್ವಾ ಆಸಕ್ತಿಯಿಂದ ಕೇಳುತ್ತ ನಿಂತ. ಆದರೆ ಆ ನಾದವನ್ನು ಕೇಳುತ್ತಲೇ ದೊಡ್ಡವರಾದವರು ಅಲ್ಲಿ ಬಹಳ ಮಂದಿ ಇದ್ದರು. ಮೊದಲು ಫಾಂಗ್‌ನ ಕಾಲುಗಳು ಒಂದಕ್ಕೊಂದು ಹೆಣೆದುಕೊಂಡವು. ಇನ್ನೊಂದು ನಿಮಿಷದಲ್ಲಿ ಡಿಂಗ್ ಸಾಹೇಬರು, "ಒಂದು ಮುಖ್ಯವಾದ ಫೋನ್ ಮಾಡೋದಿದೆ," ಎಂದು ಫೋನನ್ನು ಮೇಜಿನ ಮೇಲೆಯೇ ಬಿಟ್ಟು ಹಿತ್ತಲಿಗೆ ಓಡಿದರು. ಅವರ ಹಿಂದೆ ಪೇದೆಗಳು ಸಾಲಾಗಿ ಹೋದರು.

ಷೆನ್ ಟೀಚರ್ ತಲೆ ಚಚ್ಚಿಕೊಂಡು ಮುಂದೆ ಬಂದರು. ಬಾತುಕೋಳಿಯಿಂದ ಚಿಟಿಕೆ ಮರಳು ತೆಗೆದು, ಎರಡು ಬೆರಳಲ್ಲಿ ಹೊಸಕಿ, ಕೆನ್ನೆಗೆ ಒತ್ತಿ ನೋಡಿದರು.

"ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಜರಡಿ ಹಿಡಿದಿಲ್ಲ, ಬಿಸಿ ಮಾಡಿಲ್ಲ. ಇಷ್ಟು ತಣ್ಣಗಿದ್ರೆ ಮಗು ಹೆಂಗೆ ಕೂತ್ಕೊಳ್ಳುತ್ತೆ? ಕುದುರೆ ಬಾಲದ ಕೂದಲಿನ ಜರಡೀಲಿ ಹಿಡಿದ್ರೆ ಮಾತ್ರ ಹಿಟ್ಟಿನಂಗೆ ಬರೋದು!"

ಲಾಯ್‌ಫು ಜೀವನದಲ್ಲಿ ಮೊದಲ ಬಾರಿಗೆ ಒಂದು ವಿಷಯವನ್ನು ಬೇರೆಯವರಿಗಿಂತ ಮುಂಚೆ ಅರ್ಥ ಮಾಡಿಕೊಂಡ.

"ಅಕ್ಕೋರೇ... ಮರಳನ್ನ ಕೆನ್ನೆಗಿಟ್ಟು ನೋಡ್ಬೇಕು ಅಂತ ಅಪ್ಪಟ ಜಿನಾನ್‌ನೋರಿಗೆ ಯಾರು ಹೇಳ್ಕೊಟ್ರು?"

ಟೀಚರ ಕಿವಿಯವರೆಗೆ ಕೆಂಪೇರಿತು. ಕತ್ತಿನ ರೇಷ್ಮೆ ಸ್ಕಾರ್ಫನ್ನು ಸರಿಪಡಿಸಿಕೊಂಡರು. "ನಮ್ಮಮ್ಮ," ಎಂದರು ಮೆಲ್ಲಗೆ. "ಈ ಕಟ್ಟೆಯಿಂದ ಆರು ಮೈಲಿ ಕೆಳಗೆ ನಮ್ಮೂರು. ನಾವು ಐದು ಜನಾನೂ ಮರಳಲ್ಲೇ ಬೆಳೆದ್ವಿ. ಈಗ ಬಾಯ್ಮುಚ್ಕೊಂಡು ಆ ಚಹದ ಮುಚ್ಚಳ ಇತ್ಲಾಗೆ ಕೊಡಿ."

ಆಮೇಲೆ ಅವರು ಯಾರನ್ನೂ ಕೇಳಲಿಲ್ಲ. ಅದೇ ರೇಷ್ಮೆ ಸ್ಕಾರ್ಫಿನಲ್ಲಿ ಮರಳು ಸೋಸಿದರು. ಡಿಂಗ್ ಸಾಹೇಬರ ಚಹದ ಮಗ್ಗಿನ ತಗಡು ಮುಚ್ಚಳದಲ್ಲಿ ಅದನ್ನು ಒಲೆಯ ಮೇಲೆ ಬೆಚ್ಚಗೆ ಮಾಡಿ, ಕೆನ್ನೆಗೆ ತಾಗಿಸಿ, ಬರಿದು ಮಾಡಿದ ಬಾತುಕೋಳಿಗೆ ಸುರಿದರು. ಮುಚ್ಚಳದಲ್ಲಿ ಹಿಡಿದದ್ದು ಒಂದೇ ಹಿಡಿ. ಎರಡನೆಯದನ್ನು ಒಲೆಗಿಡುವ ಹೊತ್ತಿಗೆ ಗ್ವಾಗ್ವಾ ಕುಣಿಯತೊಡಗಿದ್ದ.

"ಇನ್ನೂ ಮೂರು ಹಿಡಿ ಬಾಕಿ ಇದೆ ಮಗಾ, ತಡ್ಕೋ!" ಎಂದು ಲಾಯ್‌ಫು ಕೂಗಿದ.

"ಸಾಕು ತಾತ!" ಎಂದು ಗ್ವಾಗ್ವಾ ದೊಪ್ಪನೆ ಕೂತೇಬಿಟ್ಟ.

ಒಂದು ಹಿಡಿ ಮರಳು ಎಷ್ಟೆಂದು ಹೀರೀತು? ಬಾತುಕೋಳಿಗೆ ಜನ್ಮದಲ್ಲಿ ಮೊದಲ ಸಲ ಒದ್ದೆ ತಾಗಿತು. ಅದು ಕಿರುಚು ದನಿಯಲ್ಲಿ ಹಾಡಲು ಶುರು ಮಾಡಿತು. ಹಿತ್ತಲಿಂದ ಬರುತ್ತಿದ್ದ ಡಿಂಗ್ ಸಾಹೇಬರು ಧ್ವಜವಂದನೆಯ ಅಭ್ಯಾಸಬಲದಿಂದ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಗ್ವಾಗ್ವಾ ಕೆಳಗೆ ಬಗ್ಗಿ ನೋಡಿದ, ಮೇಲೆ ನೋಡಿದ, ಮತ್ತೆ ಕೆಳಗೆ ನೋಡಿದ. ಇಷ್ಟು ದಿನ ಈ ಸಂಗತಿಯನ್ನು ತನ್ನಿಂದ ಮುಚ್ಚಿಟ್ಟವರು ಯಾರು ಎಂಬಂತೆ ತಾತನನ್ನು ದುರುಗುಟ್ಟಿ ನೋಡಿದ.

ಪ್ರಕರಣ ಎಚ್ಚರಿಕೆಯಲ್ಲಿ ಮುಗಿಯಿತು. ಆದರೆ ಕಾನೂನು ಕಾನೂನೇ. ಹತ್ತು ಹಿಡಿ ಮರಳನ್ನು, ಬಳಸಿದ್ದು ಬಳಸದ್ದು ಎಲ್ಲ ಸೇರಿ, ಭಾನುವಾರ ಅಧಿಕಾರಿಯ ಸಮಕ್ಷಮದಲ್ಲಿ ಮರಳಿ ಹೊಳೆಗೆ ಒಪ್ಪಿಸತಕ್ಕದ್ದು ಎಂದು ಡಿಂಗ್ ಸಾಹೇಬರು ಬರೆದು ಮೊಹರು ಒತ್ತಿದರು. ಷೆನ್ ಟೀಚರೂ ತಮ್ಮ ಮಾತು ಬಿಡಲಿಲ್ಲ. "ಇವತ್ತು ಒಂದು ಹಿಡಿ ಇತ್ತು. ಒಂದು ಕಾಳೂ ಇರಬಾರದು ಅಂದಿದ್ದೆ. ಭಾನುವಾರ ನೋಡ್ತೀನಿ. ಮತ್ತೆ ನಮ್ಮೂರಿನ ವಿಷಯ ಷುಯಾಳ ಕಿವಿಗೆ ಬಿದ್ರೆ ನಾನು ಸುಮ್ನಿರಲ್ಲ," ಎಂದು ಕಾರು ಹತ್ತಿದರು.

ಗುರುವಾರ ಅರ್ಧ ಹಿಡಿಗೆ ಇಳಿಯಿತು. ಶುಕ್ರವಾರ ಲಾಯ್‌ಫು ಒಂದು ಚಿಟಿಕೆ ಹಾಕಿದರೆ ಗ್ವಾಗ್ವಾ ಅದನ್ನೂ ಊದಿ ಹಾರಿಸಿದ. ಶನಿವಾರ ಅವನು ಬರಿದಾದ ಬಾತುಕೋಳಿಯ ಮೇಲೆ ಅಗತ್ಯವಿಲ್ಲದಾಗಲೂ ಕೂತ. ಆದರೆ ಲಾಯ್‌ಫುವಿಗೆ ನೆಮ್ಮದಿಯಿರಲಿಲ್ಲ. ಮನೆಯಲ್ಲಿ ಮರಳನ್ನು ಬಚ್ಚಿಟ್ಟಾಗ ಕೂರುವುದು ದೊಡ್ಡದಲ್ಲ, ಕಣ್ಣೆದುರು ಮರಳು ಕಂಡರೆ? ಭಾನುವಾರ ಹೋಗಬೇಕಾದದ್ದು ಹೊಳೆಯ ದಂಡೆಗೆ!

ಭಾನುವಾರ ಷೆನ್ ಟೀಚರ್ ಬಂದವರು, "ನೀವು ಹೋಗಿ ಬನ್ನಿ, ನಾನು ಅಡುಗೆ ನೋಡ್ತೀನಿ," ಎಂದು ಮನೆಯಲ್ಲೇ ಉಳಿದರು. ಮೊಮ್ಮಗನನ್ನು ಬಿಟ್ಟುಹೋಗೋಣವೆಂದರೆ ಅವನು ಕತ್ತು ಬಿಡಲಿಲ್ಲ. ಫಾಂಗ್ ಜೀಪಿನಲ್ಲಿ ಇಬ್ಬರನ್ನೂ ಕಟ್ಟೆಗೆ ಕರೆದೊಯ್ದ. ಲಾಯ್‌ಫು ಚೀಲ ಬಿಚ್ಚಿ ಹಿಡಿ ಹಿಡಿಯಾಗಿ ಎಣಿಸುತ್ತ ಸುರಿದ, ಫಾಂಗ್ ಗುರುತು ಹಾಕಿಕೊಂಡ. ಎಂಟನೆಯ ಹಿಡಿಯ ಹೊತ್ತಿಗೆ ಲಾಯ್‌ಫು ತಿರುಗಿ ನೋಡಿದರೆ, ಗ್ವಾಗ್ವಾ ಕಾಲು ಜೋಡಿಸಿಕೊಂಡು ನಿಂತಿದ್ದ. ಅವನ ಮುಂದೆ ಕಣ್ಣು ಹಾಯುವಷ್ಟು ದೂರ ಬಿಸಿಲಿಗೆ ಬೆಚ್ಚಗಾದ ನುಣ್ಣನೆಯ ಹಳದಿ ಮರಳು. ಎಲ್ಲಾ ಮುಗಿಯಿತು ಎಂದು ಲಾಯ್‌ಫು ಅಂದುಕೊಂಡ.

ಗ್ವಾಗ್ವಾ ಮರಳನ್ನು ನೋಡಿದ. ಮುಖ ಸಿಂಡರಿಸಿದ.

"ಇದು ಹಾಡಲ್ಲ," ಎಂದ. "ಬಾತು! ತಾತ, ಬಾತು ಬೇಕು!"

"ಸಾರ್! ಜೀಪು!" ಎಂದು ಲಾಯ್‌ಫು ಅರಚಿದ.

ಉಳಿದ ಎರಡು ಹಿಡಿ ಮರಳನ್ನು ಚೀಲದ ಸಮೇತ ಹೊಳೆಗೆ ಎಸೆದು, ಮೊಮ್ಮಗನನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದ. ಫಾಂಗ್ ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ ಸೈರನ್ ಹಾಕಿದ. ಸಂತೆಯ ಜನ ಎರಡು ಕಡೆಗೂ ಸರಿದು ದಾರಿ ಬಿಟ್ಟರು. ಕರಬೂಜ ಸಿಕ್ಕಿಬಿದ್ದನಂತೆ ಎಂದು ಯಾರೋ ಕೂಗಿದರು.

"ತಡ್ಕೋ ಮಗಾ, ತಡ್ಕೋ ನನ್ನ ರಾಜಾ! ಸಾರ್, ಆ ಸೈರನ್ ಆರಿಸಿ! ಅದೂ ಶ್ಯೂ ಅಂತಿದೆ!"

"ಆರಿಸಿದ್ರೆ ದಾರಿ ಬಿಡಲ್ಲ ಅಜ್ಜಾ!" ಎಂದ ಫಾಂಗ್. ಅವನಿಗೂ ಅವಸರವಾಗಿತ್ತು.

ಸೈರನ್ ಕೇಳಿ ಷೆನ್ ಟೀಚರ್ ಕಿಟಕಿಯಿಂದ ಇಣುಕಿದರು. ಒಂದು ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಮೂವತ್ತು ವರ್ಷ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಂಡವರು ಸುಮ್ಮನೆ ನೋಡಿಕೊಂಡಿರಲಿಲ್ಲ. ಬಾತುಕೋಳಿಯನ್ನು ಎದೆಗವಚಿಕೊಂಡು ಮೂರು ಮಹಡಿ ಇಳಿದು ಬೀದಿಗೇ ಬಂದರು. ಜೀಪು ನಿಲ್ಲುವುದಕ್ಕೂ, ಬಾತುಕೋಳಿ ನೆಲ ಮುಟ್ಟುವುದಕ್ಕೂ, ಗ್ವಾಗ್ವಾ ಅದರ ಮೇಲೆ ಕೂರುವುದಕ್ಕೂ ಸರಿಹೋಯಿತು. ಒಳಗೆ ಒಂದು ಕಾಳು ಮರಳಿರಲಿಲ್ಲ. ನಡುಬೀದಿಯಲ್ಲಿ ಬಾತುಕೋಳಿ ಗಂಟಲು ಬಿಚ್ಚಿ ಹಾಡಿತು. ಫಾಂಗ್ ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಮೇಲಕ್ಕೆ ಓಡಿದ.

ಲಾಯ್‌ಫು ಜೀಪಿಗೆ ಒರಗಿಕೊಂಡು ಕಣ್ಣು ಒರೆಸಿಕೊಂಡ. ಷೆನ್ ಟೀಚರ್ ಹಾಡು ಮುಗಿಯುವವರೆಗೂ ಕಾದರು. ಆಮೇಲೆ ಹೆಗಲ ಚೀಲದಿಂದ ಹಳೆಯ ಪತ್ರಿಕೆಯಲ್ಲಿ ಸುತ್ತಿದ ದುಂಡನೆಯ ಒಂದು ವಸ್ತುವನ್ನು ತೆಗೆದು ಅವನ ಕೈಗಿಟ್ಟರು. ಬಿಚ್ಚಿ ನೋಡಿದರೆ ಕುದುರೆ ಬಾಲದ ಕೂದಲಿನ ಜರಡಿ.

"ನಮ್ಮಮ್ಮಂದು. ನಿಮ್ಮ ಹತ್ರಾನೇ ಇರ್ಲಿ ಬೀಗರೇ," ಎಂದರು.

"ಇನ್ಯಾಕೆ ಅಕ್ಕೋರೇ? ಗ್ವಾಗ್ವಾನಿಗೆ ಇನ್ನು ಮರಳು ಬೇಡವಲ್ಲ."

"ಗ್ವಾಗ್ವಾನಿಗಲ್ಲ. ಷುಯಾಳಿಗೆ ಮತ್ತೆ ಮೂರು ತಿಂಗಳಂತೆ," ಎಂದು ಟೀಚರ್ ದನಿ ತಗ್ಗಿಸಿದರು. "ಈ ಸಲ ಡೈಪರ್ ಕಳಿಸಲ್ಲ. ಆದರೆ ಮರಳು ಮಾತ್ರ ನೀವು ತರಬೇಡಿ. ನಮ್ಮೂರ ಕಡೆ ಕಾವಲು ಠಾಣೆ ಇಲ್ಲ, ನಾನೇ ತರ್ತೀನಿ."